ಮರದ ಅಡುಗೆ ಪರಿಕರಗಳು: ಮೇಳದ ಮಳಿಗೆ, ಅಂತರ್ಜಾಲದ ಅಂಗಡಿ

ಲಟ್ಟಣಿಗೆ, ಚಪಾತಿ ಮಣೆ, ಕಡಗೋಲು, ಸಟ್ಟುಗ, ಮುದ್ದೆ ಕೋಲು, ಚಕ್ಕುಲಿ ಒರಳು, ಉಪ್ಪಿನ ಮರಿಗೆ ಮೊದಲಾದ ಮರದ ಸಾಮಾನುಗಳನ್ನು ನಮ್ಮ ನಾಡಿನ ಗೃಹಿಣಿಯರು ಊರಿನ ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ನೋಡಿ, ಮುಟ್ಟಿ, ಚೌಕಾಸಿ ಮಾಡಿ ಕೊಳ್ಳುತ್ತಿದ್ದರು. ಸ್ಟೀಲು ಮತ್ತು ಪ್ಲಾಸ್ಟಿಕ್ ಬಂದ ಮೇಲೆ ಈ ವ್ಯಾಪಾರ ಕುಗ್ಗಿತು. ಆದರೆ ಈಚಿನ ವರ್ಷಗಳಲ್ಲಿ ಬೇಡಿಕೆ ಮತ್ತೆ ಚಿಗುರಿದೆ. ಇದಕ್ಕೆ ಪರಂಪರೆಯ ಮೇಲಿನ ಅಭಿಮಾನವೊಂದೇ ಕಾರಣವಲ್ಲ. ನಾನ್‌ಸ್ಟಿಕ್ ಬಾಣಲೆಯ ಲೇಪನವು ಲೋಹದ ಸೌಟಿನ ಪೆಟ್ಟಿಗೆ ತಾಳುವುದಿಲ್ಲ ಎಂಬ ಸರಳ ಸಂಗತಿಯೂ ಒಂದು ಮುಖ್ಯ ಕಾರಣ. ಅಂತಹ ಬಾಣಲೆ ಕೊಂಡ ಮನೆಗೆ ಮರದ ಸಟ್ಟುಗವೊಂದು ಬೇಕೇ ಬೇಕು. ಪ್ಲಾಸ್ಟಿಕ್ಕಿನ ಬಗ್ಗೆ ನಗರದ ಗ್ರಾಹಕರಲ್ಲಿ ಬೆಳೆದಿರುವ ಅಳುಕೂ ಈ ಬೇಡಿಕೆಗೆ ನೆರವಾಗಿದೆ.

ಬೇಡಿಕೆ ಇದ್ದ ಮಾತ್ರಕ್ಕೆ ಮಾಡಿದವನ ಕೈಗೆ ಹಣ ಬರುತ್ತದೆ ಎಂದಲ್ಲ. ಕರಕುಶಲ ಮೇಳದಲ್ಲಿ 8 ದಿನ ನಿಂತು ಮಾರಿ ಬರಿಗೈಯಲ್ಲಿ ಮರಳುವವರೂ ಇದ್ದಾರೆ. ಅಂತರ್ಜಾಲದಲ್ಲಿ ತಿಂಗಳಿಗೆ ನೂರಾರು ನಗ ಕಳುಹಿಸಿ ವರ್ಷದ ಕೊನೆಗೆ ಲೆಕ್ಕ ನೋಡಿದಾಗ ನಷ್ಟ ಕಂಡವರೂ ಇದ್ದಾರೆ. ಇಬ್ಬರ ತಪ್ಪೂ ಸಾಮಾನ್ಯವಾಗಿ ಒಂದೇ ಬಗೆಯದು: ಎರಡು ಬೇರೆ ಬೇರೆ ಸಂತೆಗಳಿಗೆ ಒಂದೇ ಸರಕನ್ನು ಒಂದೇ ಬೆಲೆಗೆ ಒಯ್ದಿರುತ್ತಾರೆ.

ಹೆದ್ದಾರಿ ದೂರವಾದ ಮೇಲೆ

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಅತ್ಯಂತ ತುರ್ತಿನದಾಗಿರುವುದು ಚನ್ನಪಟ್ಟಣದಲ್ಲಿ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಈ ಪಟ್ಟಣದ ಅರಗಿನ ಬಣ್ಣದ ಆಟಿಕೆಗಳ ಹೆಸರನ್ನು ಕೇಳದವರಿಲ್ಲ. ಹಾಲೆ ಮರವನ್ನು, ಸ್ಥಳೀಯರು ಆಲೆ ಮರವೆಂದೂ ಕರೆಯುವ ಈ ಬಿಳಿಯ ನವಿರು ಮರವನ್ನು, ಒಣಗಿಸಿ ಲೇತ್ ಯಂತ್ರಕ್ಕೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಇದೇ ಲೇತಿನಲ್ಲಿ, ಇದೇ ಕೈಯಲ್ಲಿ ಲಟ್ಟಣಿಗೆ, ಮಸಾಲೆ ಡಬ್ಬಿ, ಬಟ್ಟಲು, ಚಮಚದ ಹಿಡಿ ಎಲ್ಲವೂ ತಯಾರಾಗಬಲ್ಲವು, ಆಗುತ್ತಲೂ ಇವೆ.

ದಶಕಗಳ ಕಾಲ ಈ ಊರಿನ ಚಿಲ್ಲರೆ ವ್ಯಾಪಾರ ನಿಂತಿದ್ದುದು ರಸ್ತೆಯ ಮೇಲೆ. ಬೆಂಗಳೂರು–ಮೈಸೂರು ನಡುವೆ ಓಡಾಡುವ ಕಾರು, ಬಸ್ಸುಗಳು ಪಟ್ಟಣದ ನಡುವೆಯೇ ಹಾದುಹೋಗುತ್ತಿದ್ದವು. ಪ್ರವಾಸಿಗರು ಇಳಿದು ಗೊಂಬೆಯ ಜೊತೆಗೆ ಒಂದು ಲಟ್ಟಣಿಗೆಯನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಹೊಸ ಹೆದ್ದಾರಿ ಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಪ್ರಯಾಣದ ಸಮಯ ಉಳಿಯಿತು, ಹಳೆಯ ರಸ್ತೆಯ ಅಂಗಡಿಗಳ ಗಿರಾಕಿ ಕಡಿಮೆಯಾದರು. ದಾರಿಹೋಕ ಗಿರಾಕಿಯನ್ನು ಕಾಯುತ್ತ ಕೂರುವ ಕಾಲ ಮುಗಿದಂತಾಗಿ, ಗಿರಾಕಿ ಇರುವಲ್ಲಿಗೆ ಸರಕನ್ನು ಒಯ್ಯುವ ಅನಿವಾರ್ಯ ಬಂದಿತು. ಒಯ್ಯುವ ದಾರಿಗಳು ಮುಖ್ಯವಾಗಿ ಎರಡು: ಮೇಳ ಮತ್ತು ಅಂತರ್ಜಾಲ.

ಮೇಳವೆಂಬ ಪಾಠಶಾಲೆ

ಮೇಳಗಳಿಗೆ ಕೊರತೆಯಿಲ್ಲ. ಹರಿಯಾಣದ ಸೂರಜ್‌ಕುಂಡದಲ್ಲಿ 1987ರಿಂದ ಕರಕುಶಲ ಮೇಳ ನಡೆದುಬಂದಿದೆ. ದೆಹಲಿಯ ದಿಲ್ಲಿ ಹಾಟ್ 1994ರಲ್ಲಿ ಆರಂಭವಾಯಿತು. ಅಲ್ಲಿ ಕುಶಲಕರ್ಮಿಗಳಿಗೆ ಸರದಿಯ ಮೇಲೆ ಮಳಿಗೆ ದೊರೆಯುತ್ತದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯು ಗಾಂಧಿ ಶಿಲ್ಪ ಬಜಾರ್‌ಗಳಿಗೆ ನೆರವು ನೀಡುತ್ತದೆ. ಸ್ವಸಹಾಯ ಸಂಘಗಳಿಗೆ ಸರಸ್ ಮೇಳಗಳಿವೆ. ಮೈಸೂರಿನ ದಸರಾ ವಸ್ತುಪ್ರದರ್ಶನವಂತೂ ಹಬ್ಬ ಮುಗಿದ ಮೇಲೂ ವಾರಗಟ್ಟಲೆ ನಡೆಯುತ್ತದೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಏರ್ಪಡುವ ಕರಕುಶಲ ಪ್ರದರ್ಶನಗಳಿಗೆ ಬರುವ ಗ್ರಾಹಕರು ಒಳ್ಳೆಯ ಸರಕಿಗೆ ಒಳ್ಳೆಯ ಬೆಲೆ ಕೊಡಲು ಹಿಂಜರಿಯದವರು.

ಆಯುಕ್ತರ ಕಚೇರಿ ನೀಡುವ ಕುಶಲಕರ್ಮಿ ಗುರುತಿನ ಚೀಟಿ ಇದ್ದವರಿಗೆ ಸರ್ಕಾರಿ ನೆರವಿನ ಮೇಳಗಳ ಬಾಗಿಲು ತೆರೆಯುತ್ತದೆ. ಈ ಚೀಟಿಯನ್ನು ಮಾಡಿಸಿಕೊಳ್ಳದೆ ಖಾಸಗಿ ಮೇಳಗಳ ಬಾಡಿಗೆಯನ್ನು ದೂರುತ್ತ ಕೂರುವುದು ಜಾಣತನವಲ್ಲ. ಆದರೆ ಖಾಸಗಿ ಮೇಳಕ್ಕೆ ಹೋಗುವುದೇ ಆದರೆ ಲೆಕ್ಕ ಹಾಕಿಯೇ ಹೋಗಬೇಕು. ಉದಾಹರಣೆಗೆ ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. 8 ದಿನದ ಮೇಳಕ್ಕೆ ಮಳಿಗೆ ಬಾಡಿಗೆ 16,000 ರೂಪಾಯಿ, ಸಾಗಣೆ 3,000, ಇಬ್ಬರ ಊಟ ವಸತಿಗೆ ದಿನಕ್ಕೆ 1,500ರಂತೆ 12,000, ಒಟ್ಟು 31,000 ರೂಪಾಯಿ. 250 ರೂಪಾಯಿಗೆ ಮಾರುವ ಲಟ್ಟಣಿಗೆಯ ತಯಾರಿಕೆಯ ವೆಚ್ಚ, ಮರ, ಅರಗು, ವಿದ್ಯುತ್ತು ಮತ್ತು ಕೂಲಿ ಸೇರಿ 110 ರೂಪಾಯಿ. ಉಳಿದ ಸರಕಿನದೂ ಇದೇ ಪ್ರಮಾಣ ಎಂದು ಇಟ್ಟುಕೊಳ್ಳಬಹುದು. ಮೇಳದಲ್ಲಿ 1,20,000 ರೂಪಾಯಿ ವ್ಯಾಪಾರವಾದರೆ ಸರಕಿನ ವೆಚ್ಚ 52,800 ಮತ್ತು ಮೇಳದ ಖರ್ಚು 31,000 ಕಳೆದು 36,200 ಉಳಿಯುತ್ತದೆ. ವ್ಯಾಪಾರ 60,000ಕ್ಕೆ ನಿಂತರೆ ಉಳಿಯುವುದು 2,600 ರೂಪಾಯಿ. ಇಬ್ಬರು 8 ದಿನ ನಿಂತದ್ದಕ್ಕೆ ಇದು ಪ್ರತಿಫಲ! ವ್ಯಾಪಾರ ಅರ್ಧವಾದಾಗ ಲಾಭ ಅರ್ಧವಾಗುವುದಿಲ್ಲ, ಬಹುಮಟ್ಟಿಗೆ ಇಲ್ಲವಾಗುತ್ತದೆ. ಮೇಳದ ಖರ್ಚು ವ್ಯಾಪಾರದ ಜೊತೆಗೆ ಏರಿಳಿಯುವುದಿಲ್ಲ ಎಂಬುದೇ ಇದರ ಗುಟ್ಟು. ಮಾಲೀಕನೇ ಕುಶಲಕರ್ಮಿಯಾಗಿದ್ದರೆ ಆ 8 ದಿನ ಲೇತ್ ಸುಮ್ಮನೆ ನಿಂತಿತ್ತೆಂಬುದನ್ನೂ ಮರೆಯಲಾಗದು.

ಹಾಗಿದ್ದೂ ಮೇಳವನ್ನು ಬಿಡಬಾರದು ಎನ್ನಲು ಕಾರಣವಿದೆ. ಮರದ ವಸ್ತುವನ್ನು ಗ್ರಾಹಕ ಕೈಯಲ್ಲಿ ತೂಗಿ ನೋಡುತ್ತಾನೆ; ಲಟ್ಟಣಿಗೆಯ ಹಿಡಿ ಅಂಗೈಗೆ ಕೂರುತ್ತದೆಯೇ, ಸಟ್ಟುಗದ ಅಂಚು ದೋಸೆಯ ಅಡಿಗೆ ಜಾರುವಷ್ಟು ತೆಳುವೇ ಎಂಬುದು ಮುಟ್ಟಿದರೆ ಮಾತ್ರ ತಿಳಿಯುವ ವಿಷಯ. ಗಿರಾಕಿ ಎತ್ತಿಕೊಂಡು ಮತ್ತೆ ಕೆಳಗಿಟ್ಟ ವಸ್ತುವನ್ನು ಗಮನಿಸುವ ವ್ಯಾಪಾರಿಗೆ ಯಾವ ಸಮೀಕ್ಷೆಯೂ ಬೇಡ. ಎಡಗೈಯವರು ಸಟ್ಟುಗದ ಓರೆ ಅಂಚು ತಮಗೆ ಒಗ್ಗದೆಂದು ಹೇಳುವುದು, ಉತ್ತರ ಭಾರತದವರು ತೆಳುವಾದ ಬೇಲನ್ ಕೇಳುವುದು, ಒಬ್ಬರೇ ಇರುವ ಮನೆಯವರು ಸಣ್ಣ ಮುದ್ದೆಗೆ ತಕ್ಕ ಗಿಡ್ಡ ಕೋಲು ಕೇಳುವುದು ಎಲ್ಲವೂ ಮುಂದಿನ ತಯಾರಿಕೆಗೆ ಸಿಗುವ ಪುಕ್ಕಟೆ ಮಾಹಿತಿ. ಮಳಿಗೆಯ ಮೂಲೆಯಲ್ಲಿ ಚಿಕ್ಕ ಲೇತ್ ಒಂದನ್ನು ಇಟ್ಟು ಕಡೆದು ತೋರಿಸಿದರೆ, ಕೈಕೆಲಸದ ಬೆಲೆ ಏಕೆ ಹೆಚ್ಚು ಎಂಬುದನ್ನು ವಿವರಿಸುವ ಶ್ರಮವೇ ತಪ್ಪುತ್ತದೆ. ಗಂಟು, ನಾರಿನ ಸುಳಿ, ಎರಡು ಬಣ್ಣದ ತಿರುಳು ಇರುವ ಒಂಟಿ ವಸ್ತುಗಳಿಗೆ ಮೇಳವೇ ಸರಿಯಾದ ಜಾಗ. ಅಲ್ಲಿ ಅಸಮತೆಯೇ ಬೆಲೆ ತರುತ್ತದೆ.

ಅಂತರ್ಜಾಲದಲ್ಲಿ ಅದೇ ಅಸಮತೆ ದೂರಾಗಿ ಹಿಂದಿರುಗುತ್ತದೆ.

ಪರದೆಯ ಮೇಲಿನ ಲಟ್ಟಣಿಗೆ

2020ರಲ್ಲಿ ಕೊರೊನಾ ಸೋಂಕು ಮೇಳಗಳನ್ನೆಲ್ಲ ನಿಲ್ಲಿಸಿದಾಗ, 2021ರಲ್ಲಿ ಸೂರಜ್‌ಕುಂಡ ಮೇಳವೇ ನಡೆಯದಿದ್ದಾಗ, ಅಲ್ಲಿಯವರೆಗೆ ಅಂತರ್ಜಾಲದತ್ತ ತಿರುಗಿ ನೋಡದ ಅನೇಕ ಸಣ್ಣ ತಯಾರಕರು ಅದನ್ನೇ ನಂಬಬೇಕಾಯಿತು. ಅಷ್ಟು ಹೊತ್ತಿಗೆ ಕುಶಲಕರ್ಮಿಗಳಿಗಾಗಿ ಅಮೆಜಾನ್ ಕಾರೀಗರ್ ಎಂಬ ವಿಭಾಗವನ್ನು, ಫ್ಲಿಪ್‌ಕಾರ್ಟ್ 2019ರಲ್ಲಿ ಸಮರ್ಥ್ ಎಂಬ ಯೋಜನೆಯನ್ನು ತೆರೆದಿದ್ದವು. ಸರ್ಕಾರದ ಬೆಂಬಲದ ಒಎನ್‌ಡಿಸಿ ಜಾಲದ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ ಸ್ಥಾಪನೆಯಾಯಿತು. ಅಂಗಡಿ ತೆರೆಯುವುದು ಕಷ್ಟವಲ್ಲ ಎಂಬುದು ಎಲ್ಲರಿಗೂ ಬೇಗ ಅರಿವಾಯಿತು. ಲಾಭ ಎಲ್ಲಿ ಸೋರುತ್ತದೆ ಎಂಬುದು ಅರಿವಾಗಲು ಹೆಚ್ಚು ಕಾಲ ಹಿಡಿಯಿತು.

ಸೋರುವ ಮೊದಲ ಜಾಗ ಪೆಟ್ಟಿಗೆಯ ಅಳತೆ. ಸಾಗಣೆಯ ಶುಲ್ಕವನ್ನು ವಸ್ತುವಿನ ತೂಕದ ಮೇಲೆ ಮಾತ್ರವಲ್ಲ, ಪೆಟ್ಟಿಗೆ ಆಕ್ರಮಿಸುವ ಜಾಗದ ಮೇಲೂ ಲೆಕ್ಕ ಹಾಕುತ್ತಾರೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5000ರಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ನಿಜ ತೂಕ ಮತ್ತು ಗಾತ್ರದ ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. 350 ಗ್ರಾಂ ತೂಗುವ ಲಟ್ಟಣಿಗೆಯನ್ನು 45, 10, 8 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಅದರ ಗಾತ್ರದ ತೂಕ 720 ಗ್ರಾಂ. 500 ಗ್ರಾಮಿನ ಮೆಟ್ಟಿಲುಗಳಲ್ಲಿ ಶುಲ್ಕ ವಿಧಿಸುವ ಕಡೆ ಅದು 1 ಕಿಲೋ ಆಗಿಬಿಡುತ್ತದೆ. ಪೆಟ್ಟಿಗೆಯನ್ನು 45, 7, 7ಕ್ಕೆ ಇಳಿಸಿದರೆ ಗಾತ್ರದ ತೂಕ 441 ಗ್ರಾಂ. ಒಂದು ಮೆಟ್ಟಿಲು ಕೆಳಗಿಳಿಯಿತು. ರಟ್ಟಿನ ಪೆಟ್ಟಿಗೆ ಮಾಡಿಸುವ ಮುನ್ನ ಅಳತೆಪಟ್ಟಿ ಹಿಡಿದು ಕಳೆಯುವ ಅರ್ಧ ಗಂಟೆಗೆ ಸಿಗುವ ಪ್ರತಿಫಲ ಬೇರಾವ ಕೆಲಸಕ್ಕೂ ಸಿಗಲಾರದು.

ಈಗ ಅದೇ 250 ರೂಪಾಯಿಯ ಲಟ್ಟಣಿಗೆಯನ್ನು ಪರದೆಯ ಮೇಲೆ ಮಾರಿದಾಗಿನ ಲೆಕ್ಕ. ಕಮಿಷನ್ನೂ ಸಾಗಣೆ ಶುಲ್ಕವೂ ತಾಣದಿಂದ ತಾಣಕ್ಕೆ, ಬೆಲೆಯ ಮಟ್ಟದಿಂದ ಮಟ್ಟಕ್ಕೆ ಬದಲಾಗುವುದರಿಂದ ಈ ಅಂಕಿಗಳೂ ಮಾದರಿಗೆ ಮಾತ್ರ. ತೆರಿಗೆ ಸೇರಿದ ಬೆಲೆಯಲ್ಲಿ ಶೇ. 5ರ ಜಿಎಸ್‌ಟಿ 11 ರೂಪಾಯಿ 90 ಪೈಸೆ. ಕಮಿಷನ್ ಶೇ. 10 ಎಂದರೆ 25 ರೂಪಾಯಿ. ಸಾಗಣೆ ಮತ್ತಿತರ ಶುಲ್ಕ 75, ಪೆಟ್ಟಿಗೆ 15. ಕೈಗೆ ಬಂದದ್ದು 123 ರೂಪಾಯಿ 10 ಪೈಸೆ; ತಯಾರಿಕೆಯ 110 ಕಳೆದರೆ ಉಳಿದದ್ದು 13 ರೂಪಾಯಿ ಚಿಲ್ಲರೆ. ಕಮಿಷನ್ ಮತ್ತು ಸಾಗಣೆಯ ಮೇಲಿನ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯುವವರ ಲೆಕ್ಕವಿದು. ಪಡೆಯಲಾಗದವರಿಗೆ ಆ 13 ರೂಪಾಯಿಯೂ ಇಲ್ಲ. ಇನ್ನು 10 ಲಟ್ಟಣಿಗೆಗಳಲ್ಲಿ 1 ಹಿಂದಿರುಗಿದರೆ? ಹೋಗುವ ಸಾಗಣೆ 75, ಬರುವ ಸಾಗಣೆ 75, ಹಾಳಾದ ಪೆಟ್ಟಿಗೆ 15, ಒಟ್ಟು 165 ರೂಪಾಯಿ ನಷ್ಟ. ಉಳಿದ 9ರಿಂದ ಬಂದ ಲಾಭ 118 ರೂಪಾಯಿ. ಎಂದರೆ 10 ನಗ ಮಾರಿದ್ದಕ್ಕೆ 47 ರೂಪಾಯಿ ಕೈಯಿಂದ ಹೋಯಿತು.

ಇಂತಹ ಲೆಕ್ಕ ಎದುರಾದಾಗ ಬಹಳಷ್ಟು ಜನ ಮೊದಲು ಕತ್ತರಿಸುವುದು ಕುಶಲಕರ್ಮಿಯ ನಗವಾರು ಕೂಲಿಯನ್ನು. ಕಮಿಷನ್ನನ್ನು ಕತ್ತರಿಸಲಾಗದು, ಸಾಗಣೆಯನ್ನು ಕತ್ತರಿಸಲಾಗದು, ತೆರಿಗೆಯನ್ನಂತೂ ಮುಟ್ಟುವಂತಿಲ್ಲ. ಕೈಗೆ ಸುಲಭವಾಗಿ ಸಿಗುವುದು ಅದೊಂದೇ. ಒಬ್ಬ ವರ್ತಕ 250ರ ವಸ್ತುವನ್ನು 220ಕ್ಕೆ ಇಳಿಸಿದರೆ, ಪಕ್ಕದವನು 199 ಎನ್ನುತ್ತಾನೆ. ಇಬ್ಬರೂ ಸಂಜೆ ಲೇತಿನ ಬಳಿ ಹೋಗಿ ಕೂಲಿ ಚೌಕಾಸಿಗೆ ನಿಲ್ಲುತ್ತಾರೆ. ಚನ್ನಪಟ್ಟಣದಂತಹ ಊರಿನಲ್ಲಿ ಇದರ ಪರಿಣಾಮ ನಿಧಾನವಾಗಿ ಆಗುವುದಲ್ಲ. ಬಿಡದಿಯ ಕಾರ್ಖಾನೆಗಳೂ ಬೆಂಗಳೂರಿನ ಭದ್ರತಾ ಕೆಲಸಗಳೂ ಬಸ್ಸಿನ ದಾರಿಯಲ್ಲಿಯೇ ಇವೆ. ಕೈ ಪಳಗಿದ ಕೆಲಸಗಾರ ಒಮ್ಮೆ ಎದ್ದು ಹೋದರೆ ಅವನ ಜಾಗಕ್ಕೆ ಮತ್ತೊಬ್ಬನನ್ನು ತಿಂಗಳೊಪ್ಪತ್ತಿನಲ್ಲಿ ತಯಾರು ಮಾಡಲಾಗುವುದಿಲ್ಲ. ಆಮೇಲೆ ಉಳಿಯುವುದು ಅಚ್ಚು ನೋಡಿ ಕೆತ್ತುವ ಸ್ವಯಂಚಾಲಿತ ಯಂತ್ರದ ಸರಕು. ಅದನ್ನು ಮಾರುವುದಾದರೆ ಚನ್ನಪಟ್ಟಣದವರೇ ಏಕೆ ಬೇಕು, ಎಲ್ಲಿಯ ಕಾರ್ಖಾನೆಯಾದರೂ ಇನ್ನೂ ಅಗ್ಗವಾಗಿ ಕೊಟ್ಟೀತು.

ದಾರಿಯಿರುವುದು ಕೂಲಿಯಲ್ಲಲ್ಲ, ಒಂದು ಪೆಟ್ಟಿಗೆಯಲ್ಲಿ ಹೋಗುವ ಸರಕಿನ ಮೌಲ್ಯದಲ್ಲಿ. ಲಟ್ಟಣಿಗೆ, ಸಟ್ಟುಗ, ಕಡಗೋಲು ಮತ್ತು 2 ಚಮಚಗಳನ್ನು ಒಂದು ಜೋಡಣೆಯಾಗಿ ಮಾಡಿ 850 ರೂಪಾಯಿಗೆ ಇಟ್ಟರೆ ಲೆಕ್ಕವೇ ಬದಲಾಗುತ್ತದೆ. ಪೆಟ್ಟಿಗೆ 45, 15, 10 ಸೆಂಟಿಮೀಟರ್, ಗಾತ್ರದ ತೂಕ 1.35 ಕಿಲೋ, ಸಾಗಣೆ 110 ಎಂದಿಟ್ಟುಕೊಂಡರೂ ಒಂಟಿ ಲಟ್ಟಣಿಗೆಯ ಒಂದೂವರೆ ಪಟ್ಟು ಮಾತ್ರ, ಬೆಲೆಯಾದರೋ ಮೂರು ಪಟ್ಟಿಗೂ ಹೆಚ್ಚು. ತೆರಿಗೆ 40 ರೂಪಾಯಿ ಚಿಲ್ಲರೆ, ಕಮಿಷನ್ 85, ಪೆಟ್ಟಿಗೆ 25, ತಯಾರಿಕೆ 330 ಕಳೆದು ಸುಮಾರು 260 ರೂಪಾಯಿ ಉಳಿಯುತ್ತದೆ. ಇಲ್ಲಿ ಕೂಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ. 10 ಜೋಡಣೆಗಳಲ್ಲಿ 1 ಹಿಂದಿರುಗಿದರೂ ತಡೆದುಕೊಳ್ಳುವ ಶಕ್ತಿ ಈ ಲೆಕ್ಕಕ್ಕಿದೆ. ಒಂಟಿ ಲಟ್ಟಣಿಗೆಯನ್ನು ಪರದೆಯ ಮೇಲಿನಿಂದ ತೆಗೆದೇ ಹಾಕಬೇಕೆಂದಲ್ಲ. ಜೋಡಣೆ ಕೊಂಡವರು ಮತ್ತೆ ಬಂದು ಕೇಳಿದಾಗ ನೇರವಾಗಿ ಅಂಚೆಯಲ್ಲಿ ಕಳುಹಿಸಬಹುದು.

ಹಿಂದಿರುಗುವಿಕೆಯನ್ನು ತಗ್ಗಿಸಲು ಬೇಕಾದದ್ದು ಸಮತೆ. ಮರದ ನಾರು ಒಂದರಂತೆ ಇನ್ನೊಂದು ಇರದು, ಅದಕ್ಕೆ ಯಾರೂ ಹೊಣೆಯಲ್ಲ. ಆದರೆ ಉದ್ದ, ದಪ್ಪ, ತೂಕಗಳನ್ನು ಸಮನಾಗಿಡುವುದು ಕುಶಲಕರ್ಮಿಯ ಕೈಯಲ್ಲಿಯೇ ಇದೆ. ತಗಡಿನಲ್ಲಿ ಕತ್ತರಿಸಿದ ಅಳತೆಯ ಅಚ್ಚೊಂದನ್ನು ಲೇತಿನ ಪಕ್ಕದಲ್ಲಿ ನೇತುಹಾಕಿದರೆ ಸಾಕು. ಛಾಯಾಚಿತ್ರದಲ್ಲಿ ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸಿ, ಸೆಂಟಿಮೀಟರಿನಲ್ಲಿ ಅಳತೆ ಬರೆದು, ನಾರಿನ ವಿನ್ಯಾಸ ಬೇರೆಯಾಗಬಹುದೆಂದು ಮುಂಚಿತವಾಗಿಯೇ ತಿಳಿಸಿದರೆ ಮುಕ್ಕಾಲು ಪಾಲು ತಕರಾರು ಹುಟ್ಟುವುದೇ ಇಲ್ಲ.

ಅರಗು ಎಲ್ಲಿ, ಎಣ್ಣೆ ಎಲ್ಲಿ

ಆಟಿಕೆ ಮಾಡುವ ಕೈ ಅಡುಗೆ ಪರಿಕರಕ್ಕೆ ತಿರುಗುವಾಗ ಗಮನಿಸಲೇಬೇಕಾದ ಒಂದು ಸಂಗತಿಯಿದೆ. ಅರಗು ಸುಮಾರು 75ರಿಂದ 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗತೊಡಗುತ್ತದೆ. ಕುದಿಯುವ ಸಾರಿನ ಶಾಖ ಅದಕ್ಕಿಂತ ಹೆಚ್ಚು, ಕಾದ ಎಣ್ಣೆಯದಂತೂ ಎರಡು ಪಟ್ಟಿಗೂ ಮೇಲೆ. ಆದ್ದರಿಂದ ತುದಿಯಿಂದ ಬುಡದವರೆಗೆ ಕೆಂಪು ಹಳದಿ ಅರಗು ಹಚ್ಚಿದ ಸೌಟು ನೋಡಲು ಎಷ್ಟೇ ಚೆಂದವಿದ್ದರೂ ಒಲೆಯ ಮೇಲಿನ ಕೆಲಸಕ್ಕೆ ಸಲ್ಲದು. ಬಣ್ಣದ ಅರಗು ಹಿಡಿಯಲ್ಲಿ ಮಾತ್ರ ಇರಬೇಕು. ಆಹಾರಕ್ಕೆ ತಾಗುವ ತುದಿ ಬರಿಯ ಮರವಾಗಿರಬೇಕು. ಮಸಾಲೆ ಡಬ್ಬಿಯ ಹೊರಮೈಗೆ, ಹಣ್ಣಿನ ಬಟ್ಟಲಿನ ಹೊರಮೈಗೆ ಅರಗು ಒಪ್ಪುತ್ತದೆ. ಈ ವ್ಯತ್ಯಾಸವನ್ನು ಅರಿಯದೆ ಮಾರಿದ ಒಂದು ಸೌಟು ಗಿರಾಕಿಯ ಪಲ್ಯದಲ್ಲಿ ಬಣ್ಣ ಬಿಟ್ಟರೆ, ಆ ಛಾಯಾಚಿತ್ರ ಇಡೀ ಊರಿನ ಹೆಸರಿಗೆ ಅಂಟುತ್ತದೆ.

ಬರಿಯ ಮರಕ್ಕೆ ಎಣ್ಣೆ ಉಣಿಸುವಾಗಲೂ ಎಚ್ಚರ ಬೇಕು. ಕಡಲೆಕಾಯಿ ಎಣ್ಣೆಯಂತಹವು ಮರದೊಳಗೆ ಒಣಗದೆ ಉಳಿದು ಕಾಲಕ್ರಮೇಣ ಕಮಟು ವಾಸನೆ ಬರಿಸುತ್ತವೆ. ರಾಸಾಯನಿಕ ಬೆರೆಸದ ಶುದ್ಧ ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುವ ಗುಣದ್ದು. ತೆಳುವಾಗಿ ಹಚ್ಚಿ ಹಲವು ದಿನ ಆರಲು ಬಿಡಬೇಕು. ಬಣ್ಣದಂಗಡಿಯಲ್ಲಿ ದೊರೆಯುವ ಕುದಿಸಿದ ಅಗಸೆ ಎಣ್ಣೆಗೆ ಸಾಮಾನ್ಯವಾಗಿ ಬೇಗ ಒಣಗಿಸುವ ಲೋಹದ ಲವಣಗಳನ್ನು ಸೇರಿಸಿರುತ್ತಾರೆ, ಅದನ್ನು ಅಡುಗೆ ಸಾಮಾನಿಗೆ ಬಳಸಬಾರದು. ಜೇನುಮೇಣ ಬೆರೆಸಿದ ಲೇಪವೂ ರೂಢಿಯಲ್ಲಿದೆ.

ಬಿರುಕು ಇನ್ನೊಂದು ಪಿಡುಗು. ಮಳೆಗಾಲದ ತೇವದಲ್ಲಿ ಕಡೆದ ಮಣೆ ಮೇ ತಿಂಗಳ ದೆಹಲಿಯನ್ನೋ ಜೈಪುರವನ್ನೋ ಸೇರಿದಾಗ ಒಣಗಿ ಕುಗ್ಗುತ್ತದೆ. ಒಂದೇ ಹಲಗೆಯ ಅಗಲ ಮಣೆ ಬಾಗುತ್ತದೆ ಅಥವಾ ಸೀಳುತ್ತದೆ. ಮರದ ತೇವಾಂಶ ಶೇ. 8ರಿಂದ 12ರೊಳಗೆ ಇಳಿದ ಮೇಲೆಯೇ ಕಡೆಯುವುದು ಸುರಕ್ಷಿತ. ತೇವಾಂಶ ಅಳೆಯುವ ಕೈ ಮಾಪಕ ಈಗ ದುಬಾರಿಯೇನಲ್ಲ. ಹತ್ತು ಮಂದಿ ಕುಶಲಕರ್ಮಿಗಳು ಸೇರಿ ಒಂದನ್ನು ಇಟ್ಟುಕೊಂಡರೂ ನಡೆಯುತ್ತದೆ. ನೀರಿನಲ್ಲಿ ನೆನೆಹಾಕಬಾರದು, ತೊಳೆದು ನೆರಳಿನಲ್ಲಿ ಒಣಗಿಸಬೇಕು, ಡಿಶ್‌ವಾಷರ್‌ಗೆ ಹಾಕಬಾರದು ಎಂಬ ಮೂರು ಸಾಲಿನ ಚೀಟಿಯನ್ನು ಪ್ರತಿ ಪೆಟ್ಟಿಗೆಯಲ್ಲಿ ಇಡುವುದಕ್ಕೆ ತಗಲುವ ಖರ್ಚು ಪೈಸೆಗಳ ಲೆಕ್ಕದ್ದು.

ಹೆಸರು ಮತ್ತು ತೆರಿಗೆ

ಚನ್ನಪಟ್ಟಣಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದು 2005-06ರ ಅವಧಿಯಲ್ಲಿ. ಆದರೆ ನೋಂದಣಿಯಾಗಿರುವ ಹೆಸರು ಆಟಿಕೆ ಮತ್ತು ಗೊಂಬೆಗಳದು. ಆ ಗುರುತನ್ನು ಲಟ್ಟಣಿಗೆಯ ಪೆಟ್ಟಿಗೆಯ ಮೇಲೆ ಹಾಕಿಕೊಳ್ಳುವ ಮುನ್ನ ನೋಂದಣಿಯ ವ್ಯಾಪ್ತಿಯನ್ನು ತಿಳಿದವರಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ನೆರೆಯ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ಉದಯಗಿರಿಯವರು ತಮ್ಮ ಮರದ ಚಮಚ ಮುಂತಾದ ಊಟದ ಪರಿಕರಗಳಿಗೇ ಪ್ರತ್ಯೇಕವಾಗಿ ಈ ಮಾನ್ಯತೆ ಪಡೆದಿದ್ದಾರೆ. ಕರ್ನಾಟಕದ ಅಡುಗೆ ಪರಿಕರಗಳಿಗೂ ಅಂತಹ ಯತ್ನ ನಡೆಯಬೇಕಾದರೆ ಕುಶಲಕರ್ಮಿಗಳ ಸಂಘಗಳೂ ವಾಣಿಜ್ಯ ಸಂಸ್ಥೆಗಳೂ ಕೂಡಿಯೇ ಮುಂದಾಗಬೇಕು. ಒಬ್ಬ ವರ್ತಕನಿಂದ ಆಗುವ ಕೆಲಸವಲ್ಲ ಅದು.

ತೆರಿಗೆಯ ವಿಷಯದಲ್ಲಿ ಈಚೆಗೆ ಒಂದಿಷ್ಟು ಅನುಕೂಲವಾಗಿದೆ. ಮರದ ಊಟದ ಮತ್ತು ಅಡುಗೆಯ ಪರಿಕರಗಳ ಮೇಲೆ ಶೇ. 12 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಅಂತರ್ಜಾಲ ತಾಣಗಳ ಮೂಲಕ ಮಾರುವವರಿಗೆ ಮೊದಲು ಈ ವಿನಾಯಿತಿ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ, ಜಾಲತಾಣದಲ್ಲಿ ದಾಖಲಾತಿ ಸಂಖ್ಯೆ ಪಡೆದು, ಅದನ್ನು ಬಳಸಿಕೊಳ್ಳಬಹುದಾಗಿದೆ. ತಾಣದ ಮೂಲಕ ಮುಂಬಯಿಗೋ ಪುಣೆಗೋ ಕಳುಹಿಸಬೇಕೆಂದರೆ ನೋಂದಣಿ ಬೇಕು.

ಮೇಳಗಳಿಗೆಂದು ಹೊರರಾಜ್ಯಕ್ಕೆ ಹೋಗುವವರಿಗೆ ಬೇರೆಯದೇ ನಿಯಮವಿದೆ. ಅಧಿಸೂಚನೆಯಲ್ಲಿ ಹೆಸರಿಸಿದ ಕರಕುಶಲ ವಸ್ತುಗಳನ್ನು ಮಾರುವ ಸಣ್ಣವರಿಗೆ 20 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿಯಿಂದ ವಿನಾಯಿತಿ ಉಂಟು. ಯಂತ್ರ, ಉಪಕರಣ ಬಳಸಿದರೂ ಪ್ರಧಾನವಾಗಿ ಕೈಯಿಂದ ಮಾಡಿರಬೇಕು ಎಂಬುದು ಅಲ್ಲಿಯ ವ್ಯಾಖ್ಯೆಯ ತಿರುಳು. ವಿದ್ಯುತ್ ಲೇತ್ ಬಳಸಿದ ಮಾತ್ರಕ್ಕೆ ಕರಕುಶಲವಲ್ಲ ಎಂದಾಗುವುದಿಲ್ಲ. ಆದರೆ ಹೀಗೆ ವಿನಾಯಿತಿ ಪಡೆದವರು ಪ್ಯಾನ್ ಹೊಂದಿರಬೇಕು, ಮತ್ತು ರಾಜ್ಯದ ಗಡಿ ದಾಟುವ ಸರಕಿಗೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಇ–ವೇ ಬಿಲ್ ಮಾಡಿಸಬೇಕು. 50,000 ರೂಪಾಯಿಗಿಂತ ಕಡಿಮೆಯಾದ್ದರಿಂದ ಬೇಡವೆಂದು ನಂಬಿ ಹೊರಟವರು ದಾರಿಯಲ್ಲಿ ತೊಂದರೆಗೆ ಸಿಲುಕುತ್ತಾರೆ. ಮೇಳದಲ್ಲಿ ಬರುವ ಹಣ ಈಗ ಬಹುಪಾಲು ಯುಪಿಐ ಮೂಲಕವೇ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದ್ದು ನೆನಪಿರಬೇಕು. ಮನೆಯ ಹಣ, ಅಕ್ಕಪಕ್ಕದ ಮಳಿಗೆಯವರಿಗೆ ಪಡೆದುಕೊಟ್ಟ ಹಣ, ವ್ಯಾಪಾರದ ಹಣ ಎಲ್ಲವನ್ನೂ ಒಂದೇ ಖಾತೆಗೆ ಹಾಕಿಕೊಳ್ಳುವ ರೂಢಿಯನ್ನು ಮೇಳದ ಗಡಿಬಿಡಿಯಲ್ಲಿಯೂ ಬಿಡಬೇಕು.

ಪೆಟ್ಟಿಗೆ ಕಟ್ಟಿ ಮಾರುವ ಸರಕಿಗೆ ತಯಾರಕರ ಹೆಸರು ವಿಳಾಸ, ಪ್ರಮಾಣ, ತಯಾರಾದ ತಿಂಗಳು, ಗರಿಷ್ಠ ಬೆಲೆ, ದೂರಿಗೆ ಸಂಪರ್ಕ ಇವುಗಳನ್ನು ನಮೂದಿಸಬೇಕೆಂಬ ಕಾನೂನುಮಾಪನ ನಿಯಮ 2011ರದು. ಇವುಗಳಲ್ಲಿ ಬಹುಪಾಲು ವಿವರಗಳು 2018ರ ಜನವರಿ 1ರಿಂದ ಪರದೆಯ ಮೇಲೂ ಇರಬೇಕು.

ಹೊರದೇಶದ ಗಿರಾಕಿ ಇದಕ್ಕಿಂತ ಹೆಚ್ಚು ಬೆಲೆ ಕೊಡುತ್ತಾನೆ, ನಿಜ. ಆದರೆ ಆ ದಾರಿ ಎಷ್ಟು ಅಸ್ಥಿರವೆಂಬುದನ್ನು 2025 ತೋರಿಸಿಕೊಟ್ಟಿತು. 800 ಡಾಲರ್‌ವರೆಗಿನ ಪೊಟ್ಟಣಗಳಿಗೆ ಅಮೆರಿಕ ನೀಡುತ್ತಿದ್ದ ಸುಂಕ ವಿನಾಯಿತಿ ಆ ವರ್ಷದ ಆಗಸ್ಟ್ 29ಕ್ಕೆ ಕೊನೆಗೊಂಡಿತು. ಅಂಚೆ ಇಲಾಖೆ ಅಲ್ಲಿಗೆ ಸರಕಿನ ಪೊಟ್ಟಣ ಕಳುಹಿಸುವುದನ್ನೇ ನಿಲ್ಲಿಸಿ ಅಕ್ಟೋಬರ್ ನಡುವಿನಲ್ಲಿ ಮತ್ತೆ ಆರಂಭಿಸಿತು. ಬೀಟೆ ಮರದ ಸಾಮಾನು ಕಳುಹಿಸುವವರಿಗೆ ಇನ್ನೊಂದು ಕಟ್ಟು: ಆ ಕುಲದ ಮರಗಳೆಲ್ಲ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ನಿಯಂತ್ರಣ ಪಟ್ಟಿಯಲ್ಲಿವೆ. ರಫ್ತಿನ ಬಗ್ಗೆ ಗಂಭೀರವಾಗಿ ಯೋಚಿಸುವವರು ಗ್ರೇಟರ್ ನೋಯ್ಡಾದಲ್ಲಿ ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿ ವರ್ಷಕ್ಕೆರಡು ಬಾರಿ ನಡೆಸುವ ಮೇಳಕ್ಕೆ ಮೊದಲು ನೋಡುಗರಾಗಿ ಹೋಗಿಬರುವುದು ಒಳ್ಳೆಯದು.

ಬಂಡವಾಳದ ವಿಷಯದಲ್ಲಿ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಗಳೂ ಸಾಂಪ್ರದಾಯಿಕ ಗೊಂಬೆ ತಯಾರಕರೂ ಸೇರಿದ್ದಾರೆ. ಉಪಕರಣಕ್ಕೆ 15,000 ರೂಪಾಯಿ ನೆರವು, ಶೇ. 5 ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿ ಸಾಲ ಅದರಲ್ಲಿದೆ. ವರ್ತಕರು ತಮಗೆ ಸರಕು ಒದಗಿಸುವ ಕುಶಲಕರ್ಮಿಗಳಿಗೆ ಇದರ ಅರ್ಜಿ ತುಂಬಲು ನೆರವಾದರೆ ಮರದ ದಾಸ್ತಾನಿಗೆ ಹಣ ಹೊಂದಿಸುವ ಭಾರ ಇಬ್ಬರಿಗೂ ಹಗುರಾಗುತ್ತದೆ. ಏಕೆಂದರೆ ಈ ವ್ಯಾಪಾರದಲ್ಲಿ ಹಣ ಹೆಚ್ಚು ಕಾಲ ಕಟ್ಟಿಕೊಳ್ಳುವುದು ಒಣಗುತ್ತಿರುವ ಮರದಲ್ಲಿಯೇ. ದಸರೆಯಿಂದ ದೀಪಾವಳಿಯವರೆಗಿನ ಉಡುಗೊರೆಯ ಬೇಡಿಕೆಗೆ ಸರಕು ಸಿದ್ಧವಿರಬೇಕಾದರೆ ಮರವನ್ನು ಬೇಸಿಗೆಯಲ್ಲಿಯೇ ಕೊಂಡು, ಸೀಳಿ, ತುದಿಗಳಿಗೆ ಮೇಣ ಹಚ್ಚಿ, ಗಾಳಿಯಾಡುವ ನೆರಳಿನಲ್ಲಿ ಪೇರಿಸಿರಬೇಕು. ಖರೀದಿಯ ಬಿಲ್ಲನ್ನೂ ಆ ಪೇರಿಕೆಯ ಲೆಕ್ಕದ ಪುಸ್ತಕದಲ್ಲಿಯೇ ಅಂಟಿಸಿಡಬೇಕು. ಹಬ್ಬಕ್ಕೆ ತಿಂಗಳಿರುವಾಗ ದೊಡ್ಡ ಬೇಡಿಕೆ ಒಪ್ಪಿಕೊಂಡು ಹಸಿ ಮರ ಕಡೆಸಿದವರಿಗೆ ಸಂಕ್ರಾಂತಿಯ ಹೊತ್ತಿಗೆ ಬಿರುಕುಬಿಟ್ಟ ಮಣೆಗಳು ಒಂದೊಂದಾಗಿ ಹಿಂದಿರುಗತೊಡಗುತ್ತವೆ.